ವಿಳಾಸ ಬಿಡದೆ ಮನೆ ಬಿಡುವುದು

ಸ್ಟ್ರಿಂಗರ್ ಬರೆದ ಸುದ್ದಿಗೆ ಆಯಸ್ಸು ಒಂದೇ ದಿನ. ಜಿಲ್ಲಾ ಪುಟದಲ್ಲಿ ಎರಡು ಕಾಲಂ ಬಂದರೆ ಪುಣ್ಯ, ಮರುದಿನ ಸಂಜೆ ಅದೇ ಪುಟದಲ್ಲಿ ಮಿರ್ಚಿ ಭಜಿ ಕಟ್ಟಿ ಕೊಡುತ್ತಾರೆ. ಡೆಸ್ಕಿನಲ್ಲಿ ಕತ್ತರಿಸಿ ಹೋದ ಪ್ಯಾರಾ, ಜಾಗ ಸಾಲದೆ ಬಿಟ್ಟ ಫೋಟೊ ನಮ್ಮ ಫೋನಿನಲ್ಲೇ ಉಳಿಯುತ್ತವೆ. ಫೋನ್ ಕೆಟ್ಟ ದಿನ ಅವೂ ಹೋಗುತ್ತವೆ. ಡಿಪ್ಲೊಮಾ ಮುಗಿಸಿ ಊರಿಗೆ ಬಂದ ಎರಡನೇ ವರ್ಷ, 2013ರಲ್ಲಿ, ನಾನೊಂದು ಬ್ಲಾಗ್ ಮಾಡಿಕೊಂಡಿದ್ದು ಇದೇ ಕಾರಣಕ್ಕೆ. ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ ಸುತ್ತಿ ಬರೆದ ವರದಿಗಳ ಪೂರ್ತಿ ಪಾಠ, ಕತ್ತರಿ ಬೀಳದ ಫೋಟೊ, ಎಲ್ಲ ಅಲ್ಲಿ. ಹೋದ ವರ್ಷ ಎಣಿಸಿದಾಗ 640 ಬರಹ, ನಾಲ್ಕು ಸಾವಿರಕ್ಕೂ ಹೆಚ್ಚು ಚಿತ್ರ ಇದ್ದವು.

ಎಣಿಸುವ ಪ್ರಸಂಗ ಬಂದದ್ದು ಒಂದು ಇಮೇಲ್‌ನಿಂದ. ನನಗೆ ಜಾಗ ಕೊಟ್ಟಿದ್ದ ಹೋಸ್ಟಿಂಗ್ ಕಂಪನಿ ತನ್ನ ಸಣ್ಣ ಪ್ಲ್ಯಾನ್ ನಿಲ್ಲಿಸುತ್ತಿತ್ತು. ಎರಡು ತಿಂಗಳೊಳಗೆ ದೊಡ್ಡ ಪ್ಲ್ಯಾನಿಗೆ ಹೋಗಿ, ಇಲ್ಲವೇ ನಿಮ್ಮ ಸಾಮಾನು ತೆಗೆದುಕೊಂಡು ಹೊರಡಿ ಎಂಬ ಧಾಟಿ. ದೊಡ್ಡ ಪ್ಲ್ಯಾನಿನ ವರ್ಷದ ಬಾಡಿಗೆ ಕೇಳಿದರೆ ನನ್ನ ಒಂದು ತಿಂಗಳ ಸುದ್ದಿ ಬಿಲ್ಲೇ ಸಾಲುತ್ತಿರಲಿಲ್ಲ. ಹೊರಡುವುದೇ ಸರಿ ಅನಿಸಿತು.

"ಹಳೇ ಬ್ಲಾಗ್ ತಾನೇ, ಬಿಟ್ಟುಬಿಡ್ರಿ, ಈಗ ಎಲ್ಲಾರೂ ಯೂಟ್ಯೂಬ್ ಮಾಡಾಕತ್ತಾರ" ಎಂದರು ಸ್ನೇಹಿತರೊಬ್ಬರು. ಬಿಡಲಾಗದ ಕಾರಣ ಇತ್ತು. 2019ರ ಆಗಸ್ಟ್‌ನಲ್ಲಿ ಮಲಪ್ರಭೆ ಉಕ್ಕಿ ಪಟ್ಟದಕಲ್ಲಿನ ಗುಡಿಗಳ ಅಂಗಳಕ್ಕೂ ನೀರು ನುಗ್ಗಿದ್ದು ನಿಮಗೆ ನೆನಪಿರಬಹುದು. ಆಗ ಹುನಗುಂದ ಕಡೆಯ ನದಿ ದಡದ ಒಂದು ಹಳ್ಳಿಯಲ್ಲಿ ಬಿದ್ದ ಮನೆಗಳ ಫೋಟೊವನ್ನು ದಿನಾಂಕ ಸಮೇತ ಹಾಕಿದ್ದೆ. ಪರಿಹಾರಕ್ಕೆ ಮನೆಗಳನ್ನು ಎ, ಬಿ, ಸಿ ಎಂದು ವರ್ಗ ಮಾಡುವಾಗ ಪೂರ್ತಿ ಬಿದ್ದ ಒಂದು ಮನೆ ಭಾಗಶಃ ಹಾನಿಯ ಪಟ್ಟಿಗೆ ಸೇರಿತ್ತು. ಆ ಮನೆಯ ಅಜ್ಜಿ ಮೊಮ್ಮಗನ ಫೋನಿನಲ್ಲಿ ನನ್ನ ವರದಿಯ ಲಿಂಕ್ ಇಟ್ಟುಕೊಂಡು ಕಚೇರಿಯಿಂದ ಕಚೇರಿಗೆ ಅಲೆದಿದ್ದರು. ಅರ್ಜಿಯ ಕೊನೆಯಲ್ಲಿ ಆ ಲಿಂಕನ್ನು ಕೈಯಿಂದ ಬರೆಸಿದ್ದರು ಕೂಡ. ಆ ಕಡತ ಇನ್ನೂ ಮುಗಿದಿಲ್ಲ. ನಾಳೆ ಯಾರಾದರೂ ಅಧಿಕಾರಿ ಆ ವಿಳಾಸ ಟೈಪ್ ಮಾಡಿ ನೋಡಿದರೆ ಪುಟ ತೆರೆಯಬೇಕು. ಬರಹ ಎಲ್ಲೋ ಸುರಕ್ಷಿತವಾಗಿದೆ ಎಂಬುದು ಸಾಲದು. ಅದೇ ವಿಳಾಸದಲ್ಲಿ ಸಿಗಬೇಕು.

ಸ್ಥಳಾಂತರ ಎಂದರೆ ಏನು ಅಂತ ನಮ್ಮ ಬಾಗಲಕೋಟೆಗೆ ಯಾರೂ ಹೇಳಿಕೊಡಬೇಕಿಲ್ಲ. ಘಟಪ್ರಭೆಯ ದಡದ ಹಳೇ ಊರಿಗೆ ಆಲಮಟ್ಟಿಯ ಹಿನ್ನೀರು ಬಂತು, ಊರು ನವನಗರಕ್ಕೆ ಹೋಯಿತು. 2000ದಲ್ಲಿ ಸುಪ್ರೀಂ ಕೋರ್ಟು ಅಣೆಕಟ್ಟೆಗೆ 519.60 ಮೀಟರ್ ಎತ್ತರ ಒಪ್ಪಿತು. 2010ರಲ್ಲಿ ಎರಡನೇ ಕೃಷ್ಣಾ ನ್ಯಾಯಮಂಡಳಿ 524.256 ಮೀಟರ್ ಎಂದಿತು. ಹೀಗಾಗಿ ಬಿಡುವ ಕೆಲಸ ಇನ್ನೂ ಪೂರ್ತಿ ಮುಗಿದಿಲ್ಲ. ಮನೆ ಬಿಟ್ಟವರನ್ನು ವರದಿಗಾಗಿ ಮಾತನಾಡಿಸುವಾಗ ನಾನು ಗಮನಿಸಿದ ಒಂದು ಸಂಗತಿ ಇದೆ. ಪಾತ್ರೆ, ಪೆಟ್ಟಿಗೆ, ಬಾಗಿಲ ಚೌಕಟ್ಟು ಎಲ್ಲ ಟ್ರ್ಯಾಕ್ಟರಿನಲ್ಲಿ ಬಂದವು. ಬಾರದೇ ಉಳಿದದ್ದು ವಿಳಾಸ. ಓಣಿಯ ಹೆಸರಿನಿಂದ ಗುರುತಾಗುತ್ತಿದ್ದವರು ಸೆಕ್ಟರ್ ನಂಬರು, ಸೈಟ್ ನಂಬರುಗಳಾದರು. ದೂರದ ನೆಂಟರು ಹಳೇ ಓಣಿಯ ಹೆಸರು ಹಿಡಿದು ಹುಡುಕಿ ಬಂದರೆ ದಾರಿ ತೋರಿಸುವವರು ಬೇಕು. ಬ್ಲಾಗ್ ಸಾಗಿಸುವಾಗಲೂ ಸಾಮಾನು ಹೊರುವುದು ಸಲೀಸು, ವಿಳಾಸ ಉಳಿಸುವುದೇ ಕಷ್ಟ. ನಾನು ಮಾಡಿದ ಎಲ್ಲ ಕೆಲಸದ ಹಿಂದೆ ಇದ್ದದ್ದು ಇದೊಂದೇ ಯೋಚನೆ. ನಮ್ಮ ಬಳಗದಲ್ಲಿ ಇನ್ನೂ ಕೆಲವರಿಗೆ ಇಂಥದೇ ಇಮೇಲ್ ಬಂದಿದೆ ಎಂದು ಕೇಳಿದೆ. ಅದಕ್ಕೇ ಕ್ರಮವಾಗಿ ಬರೆಯುತ್ತಿದ್ದೇನೆ.

ಮೊದಲು ಪಂಚನಾಮೆ. ಮುಳುಗಡೆ ಮನೆಗೆ ಬೆಲೆ ಕಟ್ಟುವ ಮೊದಲು ಗೋಡೆ ಎಷ್ಟು, ಬಾವಿ ಇದೆಯೋ, ಬೇವಿನ ಗಿಡ ಇದೆಯೋ ಎಂದು ಬರೆದುಕೊಳ್ಳುತ್ತಾರಲ್ಲ, ಹಾಗೆ. ಬರಹ ಎಷ್ಟು, ಚಿತ್ರ ಎಷ್ಟು, ಪ್ರತಿಕ್ರಿಯೆ ಎಷ್ಟು, ಬ್ಲಾಗಿನ ಹೆಸರಿನಲ್ಲೇ ಇರುವ ಇಮೇಲ್ ಖಾತೆ ಎಷ್ಟು. ಇದರ ಜತೆ 640 ಬರಹಗಳ ಪೂರ್ಣ ವಿಳಾಸವನ್ನೂ ಒಂದು ಶೀಟಿನಲ್ಲಿ ಇಳಿಸಿಕೊಂಡೆ. ಪಟ್ಟಿ ಇಲ್ಲದೆ ಹೊರಟರೆ ಏನು ಕಳೆದಿದೆ ಎಂಬುದೂ ಗೊತ್ತಾಗುವುದಿಲ್ಲ.

ಎರಡನೆಯದು ಪ್ರತಿ ತೆಗೆಯುವುದು. ವರ್ಡ್‌ಪ್ರೆಸ್‌ನಲ್ಲಿ ಎಕ್ಸ್‌ಪೋರ್ಟ್ ಎಂಬ ಗುಂಡಿ ಇದೆ. ಒತ್ತಿದರೆ ಒಂದು ಎಕ್ಸ್‌ಎಂಎಲ್ ಕಡತ ಸಿಗುತ್ತದೆ. ಬಹಳ ಜನ ಅದನ್ನೇ ಪೂರ್ತಿ ಬ್ಯಾಕಪ್ ಎಂದುಕೊಳ್ಳುತ್ತಾರೆ. ಅದರಲ್ಲಿ ಬರಹ ಇರುತ್ತದೆ, ಪ್ರತಿಕ್ರಿಯೆ ಇರುತ್ತದೆ. ಚಿತ್ರಗಳು ಇರುವುದಿಲ್ಲ, ಚಿತ್ರ ಎಲ್ಲಿದೆ ಎಂಬ ವಿಳಾಸ ಮಾತ್ರ ಇರುತ್ತದೆ. ಹಳೇ ಸರ್ವರ್ ಬಂದ್ ಆದ ಮೇಲೆ ಆ ಕಡತ ಹಿಡಿದು ಹೋದರೆ ಬರಹದ ನಡುವೆ ಖಾಲಿ ಚೌಕ ಕಾಣುತ್ತದೆ. ನನ್ನ ನೆರೆ ವರದಿಯಲ್ಲಿ ಸಾಕ್ಷಿ ಇರುವುದೇ ಚಿತ್ರದಲ್ಲಿ. ಹಾಗಾಗಿ ಎರಡನ್ನು ಬೇರೆ ಬೇರೆ ತೆಗೆದೆ. ಒಂದು, ಡೇಟಾಬೇಸ್‌ನ ಪೂರ್ತಿ ಪ್ರತಿ. ಎರಡು, ಅಪ್‌ಲೋಡ್ಸ್ ಎಂಬ ಫೋಲ್ಡರ್ ಇದ್ದದ್ದು ಇದ್ದಂತೆ. ಒಂದೊಂದು ಫೋಟೊಗೂ ವರ್ಡ್‌ಪ್ರೆಸ್ ಸಣ್ಣದು, ಮಧ್ಯಮ ಎಂದು ಹಲವು ಅಳತೆಯ ಮರಿಗಳನ್ನು ಮಾಡಿಟ್ಟಿರುತ್ತದೆ. ಬರಹದೊಳಗೆ ಕಾಣುವುದು ಹೆಚ್ಚಾಗಿ ಆ ಮರಿಗಳೇ. ದೊಡ್ಡ ಚಿತ್ರ ಮಾತ್ರ ಆರಿಸಿಕೊಂಡು ಹೋದರೂ ಖಾಲಿ ಚೌಕ ತಪ್ಪದು.

ಪ್ರತಿಗಳನ್ನು ಇಡುವ ಜಾಗವೂ ಮುಖ್ಯ. 2021ರ ಮಾರ್ಚ್ 10ರಂದು ಫ್ರಾನ್ಸಿನ ಸ್ಟ್ರಾಸ್‌ಬೂರ್ಗ್‌ನಲ್ಲಿ ಓವಿಎಚ್ ಎಂಬ ದೊಡ್ಡ ಹೋಸ್ಟಿಂಗ್ ಕಂಪನಿಯ ಡೇಟಾ ಸೆಂಟರಿಗೆ ಬೆಂಕಿ ಬಿತ್ತು. ಬ್ಯಾಕಪ್ ಅಲ್ಲೇ ಇಟ್ಟಿದ್ದವರಲ್ಲಿ ಕೆಲವರಿಗೆ ಮೂಲವೂ ಹೋಯಿತು, ಪ್ರತಿಯೂ ಹೋಯಿತು. ಬಿತ್ತನೆ ಬೀಜವನ್ನೂ ಊಟದ ಜೋಳವನ್ನೂ ಒಂದೇ ಹಗೇವಿನಲ್ಲಿ ಇಟ್ಟಂತೆ ಅದು. ನನ್ನದು ಒಂದು ಲ್ಯಾಪ್‌ಟಾಪಿನಲ್ಲಿ, ಒಂದು ಹಾರ್ಡ್ ಡಿಸ್ಕಿನಲ್ಲಿ, ಇನ್ನೊಂದು ಇಳಕಲ್‌ನ ಗೆಳೆಯರ ಮನೆಯಲ್ಲಿ ಇವೆ.

ಪ್ರತಿ ತೆಗೆದದ್ದನ್ನು ಓದಿ ನೋಡಬೇಕು. ಐಹೊಳೆಯ ಮೇಗುತಿ ಗುಡಿಯ ಮೇಲೆ ಕ್ರಿ.ಶ. 634ರ ರವಿಕೀರ್ತಿಯ ಶಾಸನ ಇದೆಯಲ್ಲ, ಅಂಥ ಶಾಸನಗಳ ಪ್ರತಿ ತೆಗೆಯುವವರು ಒದ್ದೆ ಕಾಗದ ಹಚ್ಚಿ, ಬ್ರಷ್ಷಿನಿಂದ ಬಡಿದು, ಮಸಿ ಒತ್ತುತ್ತಾರೆ. ಕಾಗದ ಮಡಚಿಡುವ ಮೊದಲು ಅಕ್ಷರ ಮೂಡಿದೆಯೇ ಎಂದು ಕಲ್ಲಿನ ಜತೆ ಹೋಲಿಸಿ ನೋಡುವುದು ಆ ಕೆಲಸದ ಭಾಗವೇ. ನಾನೂ ಬ್ಯಾಕಪ್ಪನ್ನು ನನ್ನ ಲ್ಯಾಪ್‌ಟಾಪಿನಲ್ಲೇ ಒಂದು ತಾತ್ಕಾಲಿಕ ಸರ್ವರ್ ಮಾಡಿ ತೆರೆದು ನೋಡಿದೆ. ತೆರೆಯದ ಬ್ಯಾಕಪ್ಪಿನ ಮೇಲೆ ಭರವಸೆ ಇಡಬಾರದು.

ಇಲ್ಲಿ ಕನ್ನಡದಂಥ ಲಿಪಿಯವರಿಗೆ ಬರುವ ಒಂದು ಗಂಡಾಂತರ ಇದೆ. ಇಂಗ್ಲಿಷ್ ಬ್ಲಾಗಿನವರು ಬರೆದ ಸಲಹೆಗಳಲ್ಲಿ ಇದು ಹೆಚ್ಚು ಸಿಗುವುದಿಲ್ಲ. ಯುನಿಕೋಡ್‌ನಲ್ಲಿ ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟ್ ಸಾಕು. ಕನ್ನಡದ ಪ್ರತಿ ಚಿಹ್ನೆಗೂ ಯುಟಿಎಫ್-8ರಲ್ಲಿ ಮೂರು ಬೈಟ್ ಬೇಕು. ಹಳೇ ಡೇಟಾಬೇಸ್ ತನ್ನನ್ನು ಲ್ಯಾಟಿನ್ ಎಂದು ಕರೆದುಕೊಂಡು, ಹೊಸದು ಯುಟಿಎಫ್-8 ಎಂದು ಕರೆದುಕೊಂಡರೆ ನಡುವೆ ಅಕ್ಷರ ಒಡೆಯುತ್ತದೆ. ಒಡೆಯುವುದು ಎರಡು ರೀತಿ. ಒಂದು, 'ಹುನಗುಂದ' ಎಂದಿರಬೇಕಾದ ಕಡೆ ತಲೆಯ ಮೇಲೆ ಗೀಟು ಇರುವ ಲ್ಯಾಟಿನ್ ಅಕ್ಷರಗಳ ಸಾಲು ಕಾಣುವುದು. ಇದಕ್ಕೆ ಬಹುತೇಕ ಔಷಧ ಇದೆ, ಒಳಗಿನ ಬೈಟುಗಳು ಉಳಿದಿರುತ್ತವೆ, ಸರಿಯಾದ ಕನ್ನಡಕ ಹಾಕಿ ಓದಿಸಬೇಕು ಅಷ್ಟೆ. ಇನ್ನೊಂದು, ಅಕ್ಷರಕ್ಕೊಂದು ಪ್ರಶ್ನಾರ್ಥಕ ಚಿಹ್ನೆ ಕಾಣುವುದು. ಪ್ರಶ್ನಾರ್ಥಕವೇ ಡೇಟಾಬೇಸಿನಲ್ಲಿ ಸೇವ್ ಆಗಿದ್ದರೆ ಆ ಬರಹ ಸತ್ತಂತೆಯೇ, ಮೂಲಪ್ರತಿ ಇದ್ದರೆ ಮಾತ್ರ ಬದುಕೀತು. ಆದ್ದರಿಂದ ಒಡೆದ ಅಕ್ಷರ ಕಂಡ ಕೂಡಲೇ ಏನನ್ನೂ ತಿದ್ದಿ ಸೇವ್ ಮಾಡಬೇಡಿ. ನಿಲ್ಲಿಸಿ, ಹೊಸ ಕಡೆಯದನ್ನು ಅಳಿಸಿ, ಅಕ್ಷರ ವ್ಯವಸ್ಥೆಯ ಹೆಸರು ಸರಿ ಮಾಡಿಕೊಂಡು ಮೊದಲಿನಿಂದ ಸಾಗಿಸಿ. ನನ್ನ ತಾತ್ಕಾಲಿಕ ಸರ್ವರಿನಲ್ಲಿ ಮೊದಲ ಸಲ ಗೀಟಿನ ಅಕ್ಷರಗಳೇ ಬಂದವು. ಅದು ಲ್ಯಾಪ್‌ಟಾಪಿನಲ್ಲಿ ಆದ್ದರಿಂದ ಓದುಗರಿಗೆ ಗೊತ್ತೂ ಆಗಲಿಲ್ಲ.

ಇನ್ನೊಂದು ಸೂಕ್ಷ್ಮ. 'ಇಳಕಲ್‌ನಲ್ಲಿ' ಎಂದು ಬರೆಯುವಾಗ ಲಕಾರದ ಅರ್ಧಾಕ್ಷರ ಒತ್ತಾಗದಂತೆ ನಡುವೆ ಕಣ್ಣಿಗೆ ಕಾಣದ ಒಂದು ಚಿಹ್ನೆ ಕೂತಿರುತ್ತದೆ. ಕೆಲವು ಸಾಗಣೆ ತಂತ್ರಾಂಶ ಇಂಥ ಕಾಣದ ಚಿಹ್ನೆಗಳನ್ನು ಕಸ ಎಂದು ಗುಡಿಸಿ ಹಾಕುತ್ತದೆ. ಆಗ ಅದು 'ಇಳಕಲ್ನಲ್ಲಿ' ಆಗುತ್ತದೆ. ಓದಲು ಬರುತ್ತದೆ, ಆದರೆ ಹುಡುಕಿದರೆ ಸಿಗುವುದಿಲ್ಲ. ನಾನು ಹತ್ತು ಪದಗಳ ಒಂದು ಪಟ್ಟಿ ಮಾಡಿಕೊಂಡೆ. ಒತ್ತಕ್ಷರ, ಅರ್ಕಾವೊತ್ತು, 'ಆ್ಯ', ಈ ಕಾಣದ ಚಿಹ್ನೆ ಎಲ್ಲ ಅದರಲ್ಲಿದ್ದವು. ಹೊಸ ಕಡೆ ಆ ಹತ್ತೂ ಪದ ಸರಿಯಾಗಿ ಕಂಡ ಮೇಲೆಯೇ ಮುಂದಿನ ಹೆಜ್ಜೆ ಇಟ್ಟೆ. ನುಡಿಯ ಹಳೇ ಫಾಂಟಿನಲ್ಲಿ ಟೈಪ್ ಮಾಡಿದ ಮೊದಲ ವರ್ಷದ ಕೆಲ ಕಡತಗಳನ್ನು ಯುನಿಕೋಡ್‌ಗೆ ಬದಲಿಸುವ ಕೆಲಸ ಬಾಕಿ ಇತ್ತು. ಅದನ್ನು ಬೇಕೆಂದೇ ಮುಂದೂಡಿದೆ. ಪರಿವರ್ತಕಗಳು ಅರ್ಕಾವೊತ್ತನ್ನು ಆಚೀಚೆ ಮಾಡುತ್ತವೆ, ಒಂದೊಂದೂ ಓದಿ ತಿದ್ದಬೇಕು. ಸಾಗಿಸುವ ದಿನ ಸಾಗಿಸುವುದು ಮಾತ್ರ. ಗೋಡೆಗೆ ಬಣ್ಣ ಹೊಡೆಯುವ ಕೆಲಸ ಆಮೇಲೆ.

ಈಗ ವಿಳಾಸದ ವಿಷಯ. ಲಿಂಕಿಗೆ ಕನ್ನಡದಲ್ಲಿ ನಾವು ಕೊಂಡಿ ಅನ್ನುತ್ತೇವೆ. ಇಳಕಲ್‌ನ ನೇಕಾರರಿಗೂ ಕೊಂಡಿ ಗೊತ್ತು, ಇಂಟರ್‌ನೆಟ್ ಬರುವುದಕ್ಕೆ ಬಹಳ ಮೊದಲಿನಿಂದ. ಇಳಕಲ್ ಸೀರೆಯ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಎಳೆಗೆ ಎಳೆ ಕೊಂಡಿ ಹಾಕಿ ಜೋಡಿಸುತ್ತಾರೆ. ಒಂದು ಎಳೆಗೆ ಜೋಡಿ ತಪ್ಪಿದರೆ ಅಲ್ಲೇ ದೋಷ ಕಾಣುತ್ತದೆ. ಬರಹಗಳ ವಿಳಾಸವೂ ಹೀಗೆ ಒಂದಕ್ಕೊಂದು ಹೊಂದಬೇಕು, ಅಂದಾಜಿನ ಮೇಲೆ ನಡೆಯದು.

ಕನ್ನಡ ಶೀರ್ಷಿಕೆಯ ವಿಳಾಸದಲ್ಲಿ ಒಂದು ಗುಟ್ಟಿದೆ. ವರ್ಡ್‌ಪ್ರೆಸ್ ಕನ್ನಡದ ಒಂದೊಂದು ಚಿಹ್ನೆಯನ್ನೂ ಶೇಕಡಾ ಗುರುತು ಹಾಕಿ ಒಂಬತ್ತು ಇಂಗ್ಲಿಷ್ ಅಕ್ಷರ, ಅಂಕಿಗಳಾಗಿ ಬರೆದಿಡುತ್ತದೆ. ಬರಹದ ವಿಳಾಸಕ್ಕೆ ಇರುವ ಮಿತಿ 200. ಅಂದರೆ ಸುಮಾರು 22 ಚಿಹ್ನೆಗೆ ವಿಳಾಸ ಕತ್ತರಿಸಿ ಹೋಗುತ್ತದೆ. 'ಹುನಗುಂದ ತಾಲ್ಲೂಕಿನಲ್ಲಿ ಈರುಳ್ಳಿ ಬೆಳೆಗಾರರ ಅಳಲು' ಎಂಬ ಬರಹದ ವಿಳಾಸ 'ಹುನಗುಂದ-ತಾಲ್ಲೂಕಿನಲ್ಲಿ-ಈರ' ಎಂಬಲ್ಲಿಗೆ ನಿಲ್ಲುತ್ತದೆ. ಅದೇ ತಿಂಗಳು 'ಹುನಗುಂದ ತಾಲ್ಲೂಕಿನಲ್ಲಿ ಈರುಳ್ಳಿ ದರ ಕುಸಿತ' ಎಂದು ಬರೆದರೆ ಅದಕ್ಕೂ ಅದೇ ವಿಳಾಸ ಬರುತ್ತದೆ, ಹಾಗಾಗಿ ಕೊನೆಗೆ 2 ಎಂಬ ಅಂಕಿ ಸೇರುತ್ತದೆ. ಹೊಸ ಕಡೆ ಶೀರ್ಷಿಕೆ ನೋಡಿ ವಿಳಾಸವನ್ನು ಹೊಸದಾಗಿ ಕಟ್ಟಿದರೆ ಯಾರಿಗೆ 2 ಎಂಬುದು ಅದಲು ಬದಲಾಗಬಹುದು. ಅಳಲಿನ ಲಿಂಕ್ ಒತ್ತಿದರೆ ದರದ ಸುದ್ದಿ ತೆರೆಯುತ್ತದೆ. ಬೇರೆ ತಂತ್ರಾಂಶಕ್ಕೆ ಹೋದರೆ ಅಲ್ಲಿ 200ರ ಮಿತಿಯೇ ಇಲ್ಲದಿರಬಹುದು, ಆಗ ಹಳೇ ವಿಳಾಸ ಒಂದೂ ಹೊಂದುವುದಿಲ್ಲ. ಅದಕ್ಕೇ ಡೇಟಾಬೇಸನ್ನು ಇದ್ದಂತೆಯೇ ಒಯ್ದೆ. ಬರಹದ ಕ್ರಮಸಂಖ್ಯೆ, ಕತ್ತರಿಸಿದ ವಿಳಾಸ, ಕೊನೆಯ ಅಂಕಿ ಎಲ್ಲ ಹಾಗೇ ಬಂದವು. ವಿಳಾಸದ ಕ್ರಮ ಬದಲಿಸಲೇಬೇಕಾದವರು ಹಳೆಯ ಪ್ರತಿ ವಿಳಾಸದಿಂದ ಹೊಸದಕ್ಕೆ '301' ಎಂಬ ಶಾಶ್ವತ ಮರುನಿರ್ದೇಶನ ಹಾಕಬೇಕು. ಹಳೇ ಓಣಿಯ ಬಾಯಲ್ಲಿ ನಿಂತು ಹೊಸ ಸೆಕ್ಟರಿಗೆ ದಾರಿ ತೋರಿಸುವವನ ಕೆಲಸ ಅದು.

ಆಮೇಲೆ ಹೆಸರು ತಿರುಗಿಸುವ ದಿನ. ಬ್ಲಾಗಿನ ಹೆಸರು ಕೇಳಿದರೆ ಯಾವ ಸರ್ವರಿಗೆ ಹೋಗಬೇಕು ಎಂದು ಹೇಳುವ ಪುಸ್ತಕ ಡಿಎನ್‌ಎಸ್. ಈ ಉತ್ತರವನ್ನು ಎಷ್ಟು ಹೊತ್ತು ನೆನಪಿಡಬೇಕು ಎಂಬ ಲೆಕ್ಕಕ್ಕೆ ಟಿಟಿಎಲ್ ಎನ್ನುತ್ತಾರೆ. ನನ್ನದು 86,400 ಸೆಕೆಂಡ್, ಅಂದರೆ ಒಂದು ದಿನ ಇತ್ತು. ಎರಡು ದಿನ ಮೊದಲೇ ಅದನ್ನು 300 ಸೆಕೆಂಡಿಗೆ ಇಳಿಸಿದೆ. ಹಾಗಾಗಿ ತಿರುಗಿಸಿದ ಮೇಲೆ ಏನಾದರೂ ಎಡವಟ್ಟಾದರೆ ಐದು ನಿಮಿಷದಲ್ಲಿ ಹಿಂದಕ್ಕೆ ತಿರುಗಿಸಬಹುದು. ತಿರುಗಿಸುವ ಮುನ್ನವೇ ಹೊಸ ಮನೆ ನೋಡಲು ಒಂದು ದಾರಿ ಇದೆ. ನಮ್ಮ ಕಂಪ್ಯೂಟರಿನ ಹೋಸ್ಟ್ಸ್ ಎಂಬ ಕಡತದಲ್ಲಿ ಹೊಸ ಸರ್ವರಿನ ಅಂಕಿ ಬರೆದರೆ ಲೋಕಕ್ಕೆಲ್ಲ ಹಳೇ ಬ್ಲಾಗ್ ಕಾಣುತ್ತದೆ, ನಮಗೆ ಮಾತ್ರ ಹೊಸದು. ಹಾಗೆ ಮಾಡಿ 640 ವಿಳಾಸಗಳನ್ನೂ ಹೊಸ ಸರ್ವರಿನಲ್ಲಿ ಒಂದೊಂದಾಗಿ ಕೇಳಿಸಿದೆ. ಒಂದು ಸಣ್ಣ ಸ್ಕ್ರಿಪ್ಟ್ ಸಾಕು, ಬಾರದಿದ್ದರೆ ಪರಿಚಯದ ಎಂಜಿನಿಯರಿಂಗ್ ಹುಡುಗರನ್ನು ಕೇಳಿ. ತೆರೆಯದ ವಿಳಾಸ ಒಂದೂ ಉಳಿಯದ ಮೇಲೆ ಹೆಸರು ತಿರುಗಿಸಿದೆ. ಬ್ಲಾಗಿನ ಇಮೇಲ್ ಹಳೇ ಕಂಪನಿಯಲ್ಲೇ ಇದ್ದರೆ ಅದರ ದಾಖಲೆಯನ್ನೂ ಜತೆಗೇ ಬದಲಿಸಬೇಕು, ಇಲ್ಲವಾದರೆ ಕಾಗದಗಳು ಖಾಲಿ ಮನೆಯ ಬಾಗಿಲಿಗೆ ಬೀಳುತ್ತವೆ.

ಆ ಎರಡು ದಿನ ಹೊಸದೇನನ್ನೂ ಹಾಕಲಿಲ್ಲ. ಕೆಲವು ಓದುಗರು ಇನ್ನೂ ಹಳೇ ಸರ್ವರಿಗೆ ಹೋಗುತ್ತಿರುತ್ತಾರೆ, ಕೆಲವರು ಹೊಸದಕ್ಕೆ. ಯಾರೋ ಹಳೆಯದರಲ್ಲಿ ಪ್ರತಿಕ್ರಿಯೆ ಬರೆದರೆ ಅದು ಅಲ್ಲೇ ಮುಳುಗುತ್ತದೆ. ಹಾಗಾಗಿ ಪ್ರತಿಕ್ರಿಯೆಯನ್ನೂ ಬಂದ್ ಮಾಡಿದ್ದೆ. ಹಳೇ ಖಾತೆಯನ್ನು ತಕ್ಷಣ ಮುಚ್ಚಲಿಲ್ಲ, ಗಡುವಿನ ಕೊನೇ ದಿನದವರೆಗೂ ಇಟ್ಟುಕೊಂಡೆ. ಒಂದೂವರೆ ತಿಂಗಳು ಎರಡೂ ಮನೆಯ ಬಾಡಿಗೆ. ನಮ್ಮಂಥವರ ಜೇಬಿಗೆ ಅದು ಭಾರವೇ, ಆದರೆ ಈ ಇಡೀ ಕೆಲಸದಲ್ಲಿ ಅಷ್ಟು ಸಾರ್ಥಕವಾದ ಖರ್ಚು ಬೇರೆ ಇಲ್ಲ.

ಇಷ್ಟೆಲ್ಲ ಬೇಕಾ ಎಂದು ಕೇಳುವವರಿಗೆ ಒಂದು ಉದಾಹರಣೆ. ಮೈಸ್ಪೇಸ್ ಎಂಬ ತಾಣಕ್ಕೆ ಒಂದು ಕಾಲದಲ್ಲಿ ಲೋಕದ ಸಂಗೀತಗಾರರೆಲ್ಲ ಹಾಡು ಹಾಕುತ್ತಿದ್ದರು. ಸರ್ವರ್ ಬದಲಿಸುವಾಗ ಹಳೇ ಹಾಡು, ಫೋಟೊ, ವಿಡಿಯೊಗಳು ಹೋಗಿಬಿಟ್ಟವು ಎಂದು 2019ರಲ್ಲಿ ಸುದ್ದಿ ಬಂತು. ಅಷ್ಟು ದೊಡ್ಡ ಕಂಪನಿಗೇ ಸಾಗಿಸುವುದು ಆಗಲಿಲ್ಲ. 2009ರಲ್ಲಿ ಯಾಹೂ ತನ್ನ ಜಿಯೋಸಿಟೀಸ್ ಮುಚ್ಚಿದಾಗ ಸಾಮಾನ್ಯ ಜನ ಕಟ್ಟಿದ ಪುಟಗಳಲ್ಲಿ ಒಂದಷ್ಟನ್ನು ಸ್ವಯಂಸೇವಕರು ರಾತ್ರಿ ಹಗಲು ಇಳಿಸಿಕೊಂಡು ಉಳಿಸಿದರು. ನಮ್ಮ ತಾಲ್ಲೂಕಿನ ಸುದ್ದಿ ಉಳಿಸಲು ಅಂಥವರು ಬರುತ್ತಾರೆಂದು ನಾನು ಕಾಯಲಾರೆ. ಆದರೂ ಇಂಟರ್‌ನೆಟ್ ಆರ್ಕೈವ್‌ನ ವೇಬ್ಯಾಕ್ ಮಷೀನ್‌ನಲ್ಲಿ ಮುಖ್ಯವಾದ ಐವತ್ತು ವರದಿಗಳ ವಿಳಾಸ ಕೊಟ್ಟು ಪ್ರತಿ ಇಡಿಸಿದ್ದೇನೆ. ಅದಕ್ಕೆ ದುಡ್ಡಿಲ್ಲ, ಒಂದು ಸಂಜೆಯ ಕೆಲಸ.

ಇನ್ನೆರಡು ಮಾತು, ತಾಂತ್ರಿಕವಲ್ಲದವು. ಮೊದಲನೆಯದು, ಹೆಸರು ಯಾರ ಹೆಸರಿನಲ್ಲಿದೆ ನೋಡಿಕೊಳ್ಳಿ. ಹೋಸ್ಟಿಂಗ್ ಬಾಡಿಗೆ ಮನೆ, ಡೊಮೇನ್ ಹೆಸರು ನಮ್ಮ ಸ್ವಂತದ್ದು. ಎರಡನ್ನೂ ಒಬ್ಬನೇ ಏಜೆಂಟ್ ಕೈಗೆ ಕೊಟ್ಟು, ಆತ ಡೊಮೇನನ್ನು ತನ್ನ ಇಮೇಲಿಗೇ ನೋಂದಾಯಿಸಿಕೊಂಡಿದ್ದರೆ ಬ್ಯಾಕಪ್ ಎಷ್ಟಿದ್ದರೂ ವಿಳಾಸ ನಮ್ಮದಲ್ಲ. ಜಗಳ ಬರುವ ಮೊದಲೇ ಅದನ್ನು ನಮ್ಮ ಇಮೇಲಿಗೆ, ನಮ್ಮ ಫೋನಿಗೆ ಬದಲಿಸಿಕೊಳ್ಳಬೇಕು. ಹೊಸದಾಗಿ ನೋಂದಾಯಿಸಿದ ಅಥವಾ ಈಗಷ್ಟೇ ವರ್ಗಾಯಿಸಿದ ಹೆಸರನ್ನು ಕೆಲವು ಕಡೆ ಅರವತ್ತು ದಿನ ಮತ್ತೆ ವರ್ಗಾಯಿಸಲು ಬಿಡುವುದಿಲ್ಲ. ಹೋಸ್ಟಿಂಗ್ ಬದಲಿಸುವ ವಾರದಲ್ಲೇ ಡೊಮೇನ್ ವರ್ಗಾವಣೆಯನ್ನೂ ಹಚ್ಚಿಕೊಳ್ಳಬೇಡಿ.

ಎರಡನೆಯದು ಇನ್ನೂ ಕಷ್ಟದ ಮಾತು. ಕೋವಿಡ್‌ನ ಎರಡನೇ ಅಲೆಯಲ್ಲಿ ನಮ್ಮ ಕಸುಬಿನ ಎಷ್ಟೋ ಜನ ಹೋದರು. ನನಗೆ ಕೆಲಸ ಕಲಿಸಿದ ಹಿರಿಯರೊಬ್ಬರೂ ಹೋದರು. ಅವರ ಬ್ಲಾಗಿನಲ್ಲಿ ಮುಳುಗಡೆ ಹಳ್ಳಿಗಳ ಬಗ್ಗೆ ಅವರು ಹದಿನೈದು ವರ್ಷ ಬರೆದದ್ದಿತ್ತು. ಮನೆಯವರಿಗೆ ಪಾಸ್‌ವರ್ಡ್ ಗೊತ್ತಿರಲಿಲ್ಲ, ಡೊಮೇನ್ ಗಡುವು ಗೊತ್ತಿರಲಿಲ್ಲ. ಈಗ ಆ ಹೆಸರು ಟೈಪ್ ಮಾಡಿದರೆ ಯಾವುದೋ ಜೂಜಿನ ಜಾಹೀರಾತು ತೆರೆಯುತ್ತದೆ. ಆ ಬರಹಗಳಲ್ಲಿ ಹಳ್ಳಿಗಳು ಎರಡನೇ ಸಲ ಮುಳುಗಿದವು ಅನಿಸುತ್ತದೆ.

ಅದಕ್ಕೇ ಸಾಗಣೆ ಮುಗಿದ ಮೇಲೆ ಒಂದು ಹಾಳೆಯಲ್ಲಿ ಕೈಯಿಂದ ಬರೆದೆ. ಡೊಮೇನ್ ಎಲ್ಲಿ ನೋಂದಣಿ, ಯಾವ ತಿಂಗಳು ನವೀಕರಣ, ಹೋಸ್ಟಿಂಗ್ ಎಲ್ಲಿ, ಬ್ಯಾಕಪ್ ಎಲ್ಲೆಲ್ಲಿ, ತೆರೆಯುವುದು ಹೇಗೆ. ಮೇಲೆ ಹೇಳಿದ ಹತ್ತು ಪರೀಕ್ಷೆಯ ಪದಗಳನ್ನೂ ಬರೆದೆ. ಒಂದು ಪ್ರತಿ ಮನೆಯ ಕಪಾಟಿನಲ್ಲಿ ರೇಷನ್ ಕಾರ್ಡಿನ ಜತೆ ಇದೆ, ಇನ್ನೊಂದು ಬಾದಾಮಿಯ ಸಹೋದ್ಯೋಗಿಯ ಹತ್ತಿರ. ಅವರ ಹಾಳೆ ನನ್ನ ಹತ್ತಿರ ಇದೆ. ನಮ್ಮ ಬಳಗದಲ್ಲಿ ಪ್ರತಿಯೊಬ್ಬರೂ ಇನ್ನೊಬ್ಬರ ಹಾಳೆ ಇಟ್ಟುಕೊಳ್ಳುವಂತೆ ಮಾಡಿದರೆ ಹೇಗೆ? ಮುಂದಿನ ಸಲ ಸೇರಿದಾಗ ಹಾಳೆ ಬರೆದುಕೊಂಡೇ ಬನ್ನಿ.